ಅಣು ತ್ಯಾಜ್ಯ: ಮೊದಲು ಊರನ್ನು ಕೇಳಿ

ಅಣು ತ್ಯಾಜ್ಯವನ್ನು ಎಲ್ಲಿ ಹೂಳೋದು? ಅದಕ್ಕೂ ಮೊದಲಿನ ಪ್ರಶ್ನೆ: ಊರಿನವರನ್ನು ಕೇಳಿದ್ದೀರಾ?

2012ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರದ ತ್ಯಾಜ್ಯಕ್ಕೆ ಕೋಲಾರದ ಕೆಜಿಎಫ್‌ನ ಮುಚ್ಚಿದ ಚಿನ್ನದ ಗಣಿಯ ಹೆಸರು ಸುಪ್ರೀಂ ಕೋರ್ಟ್‌ನಲ್ಲಿ ಕೇಳಿಬಂತು. ಕೋಲಾರದ ಜನ ಬೀದಿಗಿಳಿದರು. ಅಂಥ ಯೋಜನೆಯೇ ಇಲ್ಲ ಎಂದಿತು ಕೇಂದ್ರ.

ನಮ್ಮ ಚಿತ್ರದುರ್ಗ ಜಿಲ್ಲೆಯದು ತ್ಯಾಜ್ಯದ ವಿಷಯವಲ್ಲ. ಪಾಠ ಮಾತ್ರ ಅದೇ. ಚಳ್ಳಕೆರೆಯ ಉಳ್ಳಾರ್ತಿ ಅಮೃತಮಹಲ್ ಕಾವಲಿನಲ್ಲಿ (ಹುಲ್ಲುಗಾವಲಿನಲ್ಲಿ) ಅಣು ಸಂಶೋಧನಾ ಕೇಂದ್ರ ಬಾರ್ಕ್‌ಗೆ, ಇಸ್ರೋಗೆ ಜಾಗ ಕೊಟ್ಟರು. ದನ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ದೂರು ಹಸಿರು ನ್ಯಾಯಮಂಡಳಿಗೆ ಹೋಯಿತು.

ಫಿನ್ಲೆಂಡ್ ನೋಡಿ. ಅಣು ತ್ಯಾಜ್ಯ ಹೂಳುವ ಯೋಜನೆಗೆ 'ಬೇಡ' ಎನ್ನುವ ಹಕ್ಕು ಯೂರಾಯೋಕಿ ಎಂಬ ಊರಿಗಿತ್ತು. 2000ದಲ್ಲಿ ಊರಿನ ಪರಿಷತ್ತು ಒಪ್ಪಿತು. 2001ರಲ್ಲಿ ಸಂಸತ್ತು 159–3 ಮತಗಳಿಂದ ಅಸ್ತು ಎಂದಿತು.

ನಮ್ಮ ಜಿಲ್ಲೆಯ ಹಿರಿಯೂರಿರಲಿ, ಹೊಸದುರ್ಗ, ಹೊಳಲ್ಕೆರೆ ಇರಲಿ: ಗ್ರಾಮಸಭೆಯಲ್ಲಿ ಕನ್ನಡದಲ್ಲೇ ಎಲ್ಲ ವಿವರ ಇಡಿ, 'ಬೇಡ' ಎನ್ನುವ ಹಕ್ಕು ಕೊಡಿ. ಅಂಥ ಒಪ್ಪಿಗೆಯೇ ಸರ್ಕಾರ ಬದಲಾದರೂ ಉಳಿಯುತ್ತದೆ.