ಮುದ್ರಣಕ್ಕೆ ಕಳುಹಿಸುವ ಮುನ್ನ: ಸ್ವಂತ ಪುಸ್ತಕದ ಕಡತ ಸಿದ್ಧಪಡಿಸುವ ಬಗೆ

ಕನ್ನಡದಲ್ಲಿ ಲೇಖಕನೇ ಪ್ರಕಾಶಕನಾಗುವುದು ಹೊಸ ಸಂಗತಿಯೇನಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದವರು. ಇಂದು ಅಷ್ಟು ಶ್ರಮವಿಲ್ಲದೆ, ನಿವೃತ್ತ ಅಧ್ಯಾಪಕರಿಂದ ಹಿಡಿದು ಕಾಲೇಜು ವಿದ್ಯಾರ್ಥಿಗಳವರೆಗೆ ಅನೇಕರು ತಮ್ಮ ಕೃತಿಗಳನ್ನು ತಾವೇ ಅಚ್ಚು ಹಾಕಿಸುತ್ತಿದ್ದಾರೆ. ಗಣಕಯಂತ್ರವೊಂದಿದ್ದರೆ ಪುಟವಿನ್ಯಾಸವನ್ನೂ ಮನೆಯಲ್ಲಿಯೇ ಮಾಡಬಹುದು.

ಆದರೆ ಈ ಅನುಕೂಲದ ಜೊತೆಗೇ ಒಂದು ಹೊಣೆಯೂ ಬಂದಿದೆ. ಅಚ್ಚುಮೊಳೆಯ ಕಾಲದಲ್ಲಿ ಹಸ್ತಪ್ರತಿಗೂ ಕಾಗದಕ್ಕೂ ನಡುವೆ ಮೊಳೆ ಜೋಡಿಸುವವರು, ಕರಡು ತಿದ್ದುವವರು ಇರುತ್ತಿದ್ದರು. ಲೇಖಕನ ಕೈತಪ್ಪು ಅವರ ಕಣ್ಣಿಗೆ ಬೀಳುವ ಸಾಧ್ಯತೆಯಿತ್ತು. ಈಗ ಲೇಖಕ ಕಳುಹಿಸಿದ ಪಿಡಿಎಫ್ ಕಡತ ಗಣಕದಿಂದ ನೇರವಾಗಿ ಮುದ್ರಣದ ಪ್ಲೇಟಿಗೆ ಇಳಿಯುತ್ತದೆ. ನಡುವೆ ಯಾರೂ ಅದನ್ನು ಓದುವುದಿಲ್ಲ. ಒತ್ತಕ್ಷರ ಕಳಚಿದ್ದರೆ ಕಳಚಿದಂತೆಯೇ ಸಾವಿರ ಪ್ರತಿಗಳಲ್ಲಿ ಮೂಡುತ್ತದೆ. ಆ ಮೇಲೆ ತಿದ್ದುವುದೆಂದರೆ ಪ್ಲೇಟು, ಕಾಗದ, ಕೂಲಿ ಎಲ್ಲಕ್ಕೂ ಮತ್ತೊಮ್ಮೆ ಹಣ ತೆರುವುದೆಂದೇ ಅರ್ಥ. ಆದುದರಿಂದ ‘ಮುದ್ರಣಕ್ಕೆ ಸಿದ್ಧ’ ಎಂಬ ಮಾತಿನ ಅರ್ಥವನ್ನು ಲೇಖಕರು ಸರಿಯಾಗಿ ತಿಳಿದುಕೊಳ್ಳುವುದು ಒಳಿತು.

ಮೊದಲು ಗಾತ್ರ ನಿರ್ಧರಿಸಿ

ಬರೆದು ಮುಗಿದ ಮೇಲೆ ಗಾತ್ರದ ಬಗ್ಗೆ ಯೋಚಿಸುವುದು ಸಾಮಾನ್ಯ ರೂಢಿ. ಎ4 ಹಾಳೆಯ ಅಳತೆಯಲ್ಲಿ ವಿನ್ಯಾಸ ಮಾಡಿ, ಕೊನೆಯಲ್ಲಿ ಕುಗ್ಗಿಸಿದರಾಯಿತು ಎಂದುಕೊಂಡರೆ ಅಕ್ಷರಗಳೂ ಕುಗ್ಗುತ್ತವೆ, ಅಂಚುಗಳ ಲೆಕ್ಕವೂ ತಪ್ಪುತ್ತದೆ. ಕನ್ನಡದ ಕಥೆ, ಕಾದಂಬರಿ, ವಿಮರ್ಶೆಯ ಪುಸ್ತಕಗಳು ಹೆಚ್ಚಾಗಿ 1/8 ಡೆಮಿ ಗಾತ್ರದಲ್ಲಿ ಬರುತ್ತವೆ. ಕತ್ತರಿಸಿದ ಮೇಲೆ ಇದರ ಅಳತೆ ಸುಮಾರು 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ಅಂದರೆ 140 ಮತ್ತು 216 ಮಿಲಿಮೀಟರು. ಕವನ ಸಂಕಲನಗಳಿಗೆ ಇದಕ್ಕಿಂತ ಚಿಕ್ಕದಾದ 1/8 ಕ್ರೌನ್ ಗಾತ್ರವೂ ಬಳಕೆಯಲ್ಲಿದೆ. ಕಾಗದ ಮತ್ತು ಯಂತ್ರಕ್ಕೆ ಅನುಗುಣವಾಗಿ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಇರುವುದರಿಂದ, ಕತ್ತರಿಸಿದ ನಂತರದ ನಿಖರ ಅಳತೆಯನ್ನು ಮುದ್ರಣಾಲಯದವರಿಂದಲೇ ಬರೆಯಿಸಿಕೊಂಡು ಕೆಲಸ ಆರಂಭಿಸಬೇಕು.

ಪುಸ್ತಕ ಹೊಲಿಯುವ ಅಥವಾ ಅಂಟಿಸುವ ಒಳಬದಿಯ ಅಂಚು ಹೊರಬದಿಗಿಂತ ಹೆಚ್ಚಿರಬೇಕು. ಒಳಗೆ 20, ಹೊರಗೆ 15 ಮಿಲಿಮೀಟರು ಬಿಟ್ಟರೆ ಸಾಧಾರಣ ದಪ್ಪದ ಪುಸ್ತಕಕ್ಕೆ ಸಾಕು. ಎಡಪುಟ ಮತ್ತು ಬಲಪುಟಗಳಲ್ಲಿ ಈ ಅಂಚುಗಳು ಅದಲುಬದಲಾಗಬೇಕು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ‘ಮಿರರ್ ಮಾರ್ಜಿನ್ಸ್’ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ.

ನುಡಿಯೋ, ಯೂನಿಕೋಡೋ?

ಕನ್ನಡ ಪುಸ್ತಕಗಳ ಕಡತದಲ್ಲಿ ಅತಿ ಹೆಚ್ಚು ತೊಂದರೆ ಹುಟ್ಟುವುದು ಇಲ್ಲಿ. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಇರಿಸಿಕೊಂಡಂಥವು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣಿಸುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಫಾಂಟ್ ಬದಲಾದರೂ ಪಠ್ಯ ಕೆಡುವುದಿಲ್ಲ.

ಹಳೆಯ ನುಡಿ ಕಡತವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವುದು ಸುಲಭ. ಆದರೆ ಪರಿವರ್ತನೆ ಮುಗಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮುಖ್ಯವಾಗಿ ನಾಲ್ಕು ಕಡೆ ಕಣ್ಣಿಡಬೇಕು.

ಒಂದು, ಅರ್ಕಾವೊತ್ತು. ಹಳೆಯ ಪದ್ಧತಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ; ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ‘ಧರ್ಮ’, ‘ಕಾರ್ಯ’ದಂತಹ ಪದಗಳು ಕೆಡುವ ಸಂಭವವಿದೆ. ಎರಡು, ನಡುವೆ ಬರುವ ಇಂಗ್ಲಿಷ್ ಪದಗಳು. ಪರಿವರ್ತಕ ಅವನ್ನೂ ನುಡಿಯೆಂದೇ ಭಾವಿಸಿ ಅರ್ಥವಿಲ್ಲದ ಕನ್ನಡವಾಗಿಸಬಹುದು. ಮೂರು, ಉದ್ಧರಣ ಚಿಹ್ನೆ, ಅಡ್ಡಗೆರೆ, ಅಂಕಿಗಳು. ನಾಲ್ಕು, ‘ರ‍್ಯಾಂಕ್’, ‘ರಾಜ್‌ಕುಮಾರ್’, ‘ಸಾಫ್ಟ್‌ವೇರ್’ ಮೊದಲಾದ ಪದಗಳು. ಇವುಗಳಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಅಕ್ಷರಗಳ ನಡುವೆ ಇರುತ್ತದೆ. ಅದು ಬಿದ್ದುಹೋದರೆ ‘ರಾಜ್ಕುಮಾರ್’ ಎಂದು ಒತ್ತಕ್ಷರ ಕೂಡಿಕೊಂಡು ಬರುತ್ತದೆ. ಇಂತಹ ಪದಗಳ ಪಟ್ಟಿ ಮಾಡಿಟ್ಟುಕೊಂಡು, ‘ಹುಡುಕು’ ಸೌಲಭ್ಯದಿಂದ ಒಂದೊಂದನ್ನೇ ಪರಿಶೀಲಿಸುವುದು ಉತ್ತಮ.

ಯೂನಿಕೋಡ್ ಪಠ್ಯವನ್ನು ಅಡೋಬಿ ಇನ್‌ಡಿಸೈನ್‌ಗೆ ತಂದಾಗ ಒತ್ತುಗಳು ಕೆಳಗಿಳಿಯದೆ ಅಕ್ಷರದ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ಲುವುದುಂಟು. ಇದು ಫಾಂಟಿನ ದೋಷವೇ ಆಗಿರಬೇಕೆಂದಿಲ್ಲ. ಪ್ಯಾರಾ ಜೋಡಣೆಯ ಆಯ್ಕೆಯಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿಕೊಂಡರೆ ಬಹುತೇಕ ಸರಿಹೋಗುತ್ತದೆ. ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರು ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಬಳಸಬಹುದು. ಚಿತ್ರಗಳು ಹೆಚ್ಚಿಲ್ಲದ ಪುಸ್ತಕಕ್ಕೆ ವರ್ಡ್ ಕೂಡ ಸಾಕಾಗುತ್ತದೆ.

ಒತ್ತಕ್ಷರಕ್ಕೆ ಜಾಗ ಬೇಕು

ಕನ್ನಡ ಅಕ್ಷರಗಳಿಗೆ ಮೇಲೆ ಗುಡಿಸು, ಏತ್ವಗಳ ಕೊಂಬು, ಕೆಳಗೆ ಒತ್ತು. ಇಂಗ್ಲಿಷ್ ಪುಸ್ತಕದ ಸಾಲಿನ ಅಂತರವನ್ನೇ ಇಲ್ಲಿಯೂ ಬಳಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. 12 ಪಾಯಿಂಟ್ ಅಕ್ಷರಕ್ಕೆ 17 ಅಥವಾ 18 ಪಾಯಿಂಟ್ ಅಂತರ ಇರಿಸಿ, ‘ರಾಷ್ಟ್ರ’, ‘ಸ್ತ್ರೀ’ಯಂತಹ ಎರಡು ಒತ್ತುಗಳ ಪದಗಳಿರುವ ಪುಟವೊಂದನ್ನು ಮುದ್ರಿಸಿ ನೋಡಬೇಕು. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ ಮುಂತಾದ ಮುಕ್ತ ಪರವಾನಗಿಯ ಫಾಂಟ್‌ಗಳನ್ನು ಪುಸ್ತಕಕ್ಕೆ ಧಾರಾಳವಾಗಿ ಬಳಸಬಹುದು. ಬೇರೆ ಫಾಂಟ್‌ಗಳಾದರೆ ಪರವಾನಗಿ ಓದಿಕೊಳ್ಳುವುದು ಅಗತ್ಯ.

ಕನ್ನಡದ ಸಮಾಸಪದಗಳು ಉದ್ದ. ಎರಡೂ ಬದಿ ಸಮಗೊಳಿಸಿದಾಗ ಪದಗಳ ನಡುವೆ ದೊಡ್ಡ ಬಿರುಕುಗಳು ಬೀಳುತ್ತವೆ. ಇದನ್ನು ತಪ್ಪಿಸಲು ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಪದವನ್ನು ಕೈಯಾರೆ ಮುರಿಯುವ ರೂಢಿಯಿದೆ. ಆ ಮೇಲೆ ಫಾಂಟನ್ನೋ ಅಂಚನ್ನೋ ಬದಲಿಸಿದರೆ ಆ ಅಡ್ಡಗೆರೆಗಳು ಸಾಲಿನ ನಡುವೆ ಬಂದು ಕೂರುತ್ತವೆ. ಆದುದರಿಂದ ಪದ ಮುರಿಯುವ ಕೆಲಸವನ್ನು ಎಲ್ಲ ಬದಲಾವಣೆಗಳೂ ಮುಗಿದ ಮೇಲೆಯೇ ಕೈಗೊಳ್ಳಬೇಕು. ಅಧ್ಯಾಯವನ್ನು ಹೊಸ ಪುಟದಲ್ಲಿ ಆರಂಭಿಸಲು ಹತ್ತಾರು ಬಾರಿ ಎಂಟರ್ ಕೀಲಿ ಒತ್ತುವುದನ್ನೂ ಬಿಟ್ಟು ‘ಪೇಜ್ ಬ್ರೇಕ್’ ಬಳಸಬೇಕು.

ಆರಂಭದ ಪುಟಗಳು ಮತ್ತು ಪುಟದ ಲೆಕ್ಕ

ಶೀರ್ಷಿಕೆಯ ಪುಟದ ಹಿಂಬದಿಯಲ್ಲಿ ಕೃತಿಯ ವಿವರ ಬರುತ್ತದೆ: ಲೇಖಕ, ಪ್ರಕಾಶಕರ ವಿಳಾಸ, ಹಕ್ಕುಗಳು, ಮೊದಲ ಮುದ್ರಣದ ವರ್ಷ, ಪ್ರತಿಗಳು, ಪುಟಗಳು, ಬೆಲೆ, ಬಳಸಿದ ಕಾಗದ, ಮುಖಪುಟ ವಿನ್ಯಾಸ, ಅಕ್ಷರ ಜೋಡಣೆ, ಮುದ್ರಕರು, ಐಎಸ್‌ಬಿಎನ್. ಅರ್ಪಣೆ, ಮುನ್ನುಡಿ, ಲೇಖಕರ ಮಾತು, ಪರಿವಿಡಿ ನಂತರ ಬರುತ್ತವೆ. ಈ ಪುಟಗಳಿಗೆ ರೋಮನ್ ಅಂಕಿ ಕೊಟ್ಟು, ಕೃತಿಯ ಮೊದಲ ಪುಟದಿಂದ 1 ಎಂದು ಎಣಿಸುವುದು ವಾಡಿಕೆ. ಹೀಗೆ ಮಾಡಿದರೆ ಮುನ್ನುಡಿ ತಡವಾಗಿ ಕೈಸೇರಿದರೂ ಒಳಪುಟಗಳ ಸಂಖ್ಯೆ ಬದಲಾಗುವುದಿಲ್ಲ.

ಭಾರತದಲ್ಲಿ ಐಎಸ್‌ಬಿಎನ್ ನೀಡುವುದು ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಲೇಖಕರೂ ಅರ್ಜಿ ಸಲ್ಲಿಸಬಹುದು, ಶುಲ್ಕವಿಲ್ಲ. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಪುಟವಿನ್ಯಾಸಕ್ಕೆ ಮೊದಲೇ ಅರ್ಜಿ ಹಾಕುವುದು ಲೇಸು. 2007ರ ಜನವರಿಯಿಂದ ಈ ಸಂಖ್ಯೆಗೆ 13 ಅಂಕಿಗಳು. ಮುದ್ರಿತ ಪುಸ್ತಕಕ್ಕೆ ಒಂದು, ಅದೇ ಕೃತಿಯ ಇ-ಪುಸ್ತಕಕ್ಕೆ ಬೇರೊಂದು ಸಂಖ್ಯೆ ಬೇಕು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹೊಸದು ಬೇಡ.

ಆಫ್‌ಸೆಟ್ ಮುದ್ರಣದಲ್ಲಿ ಪುಸ್ತಕದ ಲೆಕ್ಕ ನಡೆಯುವುದು ಸಾಮಾನ್ಯವಾಗಿ 16 ಪುಟಗಳ ಫಾರಂಗಳಲ್ಲಿ. ಒಟ್ಟು 163 ಪುಟಗಳಾದರೆ ಹತ್ತು ಫಾರಂ ಮುಗಿದು ಮೂರು ಪುಟ ಉಳಿಯುತ್ತವೆ. ಆ ಮೂರಕ್ಕಾಗಿ ಅರ್ಧ ಫಾರಂ ಹೆಚ್ಚಿಸಿ 168ಕ್ಕೆ ಒಯ್ಯಬೇಕು. ಇಲ್ಲವೇ ಎಲ್ಲಿಯಾದರೂ ಮೂರು ಪುಟ ಕಡಿಮೆ ಮಾಡಿ 160ಕ್ಕೆ ನಿಲ್ಲಿಸಬೇಕು. ಈ ನಿರ್ಧಾರವನ್ನು ಲೇಖಕರು ಮೊದಲೇ ತೆಗೆದುಕೊಂಡರೆ ಖರ್ಚು ಉಳಿಯುತ್ತದೆ. ಕಡತವನ್ನು ಮಾತ್ರ ಒಂದೊಂದೇ ಪುಟವಾಗಿ, ಓದುವ ಕ್ರಮದಲ್ಲಿಯೇ ಕೊಡಬೇಕು. ಫಾರಂಗೆ ತಕ್ಕಂತೆ ಪುಟಗಳನ್ನು ಹೊಂದಿಸುವುದು ಮುದ್ರಣಾಲಯದ ಕೆಲಸ.

ರಕ್ಷಾಪುಟದ ಅಳತೆ

ಮುಖಪುಟ, ಬೆನ್ನು, ಹಿಂಬದಿ ಮೂರೂ ಸೇರಿ ಒಂದೇ ಚಿತ್ರವಾಗಿ ಸಿದ್ಧವಾಗಬೇಕು. ಬೆನ್ನಿನ ಅಗಲ ತಿಳಿಯದೆ ಇದು ಸಾಧ್ಯವಿಲ್ಲ. ಲೆಕ್ಕ ಸರಳ: ಒಟ್ಟು ಪುಟಗಳನ್ನು ಎರಡರಿಂದ ಭಾಗಿಸಿದರೆ ಹಾಳೆಗಳ ಸಂಖ್ಯೆ; ಅದನ್ನು ಒಂದು ಹಾಳೆಯ ದಪ್ಪದಿಂದ ಗುಣಿಸಬೇಕು. 168 ಪುಟಗಳೆಂದರೆ 84 ಹಾಳೆ. ಒಂದು ಹಾಳೆ 0.09 ಮಿಲಿಮೀಟರು ದಪ್ಪವೆಂದಿಟ್ಟುಕೊಂಡರೆ ಬೆನ್ನಿನ ಅಗಲ ಸುಮಾರು 7.6 ಮಿಲಿಮೀಟರು. 70 ಜಿಎಸ್‌ಎಂ ಎಂದು ಒಂದೇ ತೂಕ ಬರೆದಿದ್ದರೂ ಕಾಗದದಿಂದ ಕಾಗದಕ್ಕೆ ದಪ್ಪ ಬೇರೆಯಾಗುವುದರಿಂದ, ಬಳಸಲಿರುವ ಕಾಗದದ ದಪ್ಪವನ್ನೇ ಕೇಳಿ ತಿಳಿಯಬೇಕು.

ಬಣ್ಣವು ಅಂಚಿನವರೆಗೆ ಹರಡಿದ್ದರೆ, ಕತ್ತರಿಸುವಾಗ ಬಿಳಿಗೆರೆ ಉಳಿಯದಂತೆ ಸುತ್ತಲೂ 3 ಮಿಲಿಮೀಟರು ಹೆಚ್ಚು ಬಿಡಬೇಕು. ಇದನ್ನೇ ‘ಬ್ಲೀಡ್’ ಎನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಡೆಮಿ ಪುಸ್ತಕದ ರಕ್ಷಾಪುಟದ ಒಟ್ಟು ಅಗಲ 140, 7.6, 140 ಮತ್ತು ಎರಡು ಬದಿಯ 6 ಸೇರಿ 293.6 ಮಿಲಿಮೀಟರು, ಎತ್ತರ 222 ಮಿಲಿಮೀಟರು. ಹೆಸರು, ಬೆನ್ನುಡಿ, ಲೇಖಕರ ಭಾವಚಿತ್ರಗಳು ಅಂಚಿಗೆ ತಾಗದಂತೆ ಒಳಗಿರಲಿ. ಐಎಸ್‌ಬಿಎನ್ ಬಾರ್‌ಕೋಡ್ ಬಿಳಿಯ ಮೇಲೆ ಕಪ್ಪಾಗಿಯೇ ಇರಬೇಕು.

ಚಿತ್ರ ಮತ್ತು ಬಣ್ಣ

ಪರದೆಯ ಮೇಲೆ ಚೆನ್ನಾಗಿ ಕಂಡ ಚಿತ್ರ ಕಾಗದದ ಮೇಲೆ ಮಸುಕಾಗಬಹುದು. ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳು ಬೇಕೆಂಬುದು ಸಾಮಾನ್ಯ ನಿಯಮ. 1200 ಬಿಂದು ಅಗಲದ ಚಿತ್ರವನ್ನು 4 ಅಂಗುಲಕ್ಕಿಂತ ಹಿಗ್ಗಿಸಬಾರದು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರ ಕುಗ್ಗಿರುತ್ತದೆ. ಮೂಲ ಚಿತ್ರವನ್ನೇ ತರಿಸಿಕೊಳ್ಳಬೇಕು. ವರ್ಡ್ ಕೂಡ ಕಡತ ಉಳಿಸುವಾಗ ಚಿತ್ರಗಳನ್ನು ಕುಗ್ಗಿಸುತ್ತದೆ. ಹಾಗೆ ಮಾಡದಂತೆ ಅದರ ಆಯ್ಕೆಗಳಲ್ಲಿ ಮೊದಲೇ ಸೂಚಿಸಬಹುದು.

ಪರದೆ ಬೆಳಗುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಮುದ್ರಣ ನಡೆಯುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಯಿಂದ. ರಕ್ಷಾಪುಟವನ್ನು ಈ ನಾಲ್ಕು ಬಣ್ಣದ ಪದ್ಧತಿಗೆ ಬದಲಿಸಿ ನೋಡಿದರೆ ಯಾವ ಬಣ್ಣ ಮಂಕಾಗುವುದೆಂದು ಮೊದಲೇ ತಿಳಿಯುತ್ತದೆ. ಒಳಪುಟದ ಅಕ್ಷರಗಳು ಕಪ್ಪು ಶಾಯಿಯೊಂದರಲ್ಲಿಯೇ ಇರಬೇಕು. ನಾಲ್ಕು ಬಣ್ಣ ಬೆರೆತ ಕಪ್ಪಾದರೆ ಸಣ್ಣ ಅಕ್ಷರಗಳ ಅಂಚು ಚದುರಿದಂತೆ ಕಾಣುವ ಅಪಾಯವಿದೆ.

ಪಿಡಿಎಫ್ ಪರೀಕ್ಷೆ

ಮುದ್ರಣಾಲಯಕ್ಕೆ ವರ್ಡ್ ಕಡತ ಕೊಡಬಾರದು. ಅಲ್ಲಿನ ಗಣಕದಲ್ಲಿ ಫಾಂಟ್ ಬದಲಾದರೆ ಸಾಲು, ಪುಟ, ಪರಿವಿಡಿ ಎಲ್ಲವೂ ಸರಿಯುತ್ತವೆ. ಪಿಡಿಎಫ್‌ನಲ್ಲಿ ಎಲ್ಲವೂ ಸ್ಥಿರ; ಆದರೆ ಫಾಂಟ್‌ಗಳು ಅದರೊಳಗೆ ಸೇರಿಕೊಂಡಿರಬೇಕು. ಅಕ್ರೋಬ್ಯಾಟ್ ರೀಡರ್‌ನಲ್ಲಿ ಕಡತದ ‘ಪ್ರಾಪರ್ಟೀಸ್’ ತೆರೆದು ‘ಫಾಂಟ್ಸ್’ ವಿಭಾಗ ನೋಡಿದರೆ ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಎಂದಿರಬೇಕು. ಒಂದರ ಮುಂದೆ ಇಲ್ಲದಿದ್ದರೂ ಕಡತ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು. ಪುಟದ ಅಳತೆಯೂ ಅಲ್ಲಿಯೇ ಕಾಣುತ್ತದೆ. ಕಡತಕ್ಕೆ ಪಾಸ್‌ವರ್ಡ್ ಹಾಕಬಾರದು. ಮುದ್ರಣಾಲಯ ಪಿಡಿಎಫ್/ಎಕ್ಸ್ ಮಾದರಿ ಕೇಳಿದರೆ ಆ ಆಯ್ಕೆಯಲ್ಲಿಯೇ ಉಳಿಸಬೇಕು.

ಕೊನೆಯ ಕರಡನ್ನು ಈ ಪಿಡಿಎಫ್‌ನಿಂದಲೇ, ಕಾಗದದ ಮೇಲೆ ಮುದ್ರಿಸಿ ಓದಬೇಕು. ವರ್ಡ್‌ನಲ್ಲಿ ಸರಿಯಿದ್ದ ಪದ ಪಿಡಿಎಫ್‌ನಲ್ಲಿ ಕೆಟ್ಟಿರಬಹುದು. ಬರೆದವರ ಕಣ್ಣು ತಪ್ಪನ್ನು ಹಾಯ್ದುಹೋಗುವುದು ಸಹಜವಾದ್ದರಿಂದ ಮತ್ತೊಬ್ಬರಿಂದಲೂ ಓದಿಸಬೇಕು. ಅಲ್ಪಪ್ರಾಣ, ಮಹಾಪ್ರಾಣಗಳ ತಪ್ಪು, ಶೀರ್ಷಿಕೆಗಳು, ವ್ಯಕ್ತಿನಾಮಗಳು, ಪರಿವಿಡಿಯ ಪುಟಸಂಖ್ಯೆಗಳು, ಇವನ್ನು ಬೇರೆಯಾಗಿಯೇ ಒಮ್ಮೆ ನೋಡುವುದು ಕ್ಷೇಮ. ಹೆಚ್ಚು ಪ್ರತಿ ಅಚ್ಚು ಹಾಕಿಸುವವರು ಮೊದಲು ಡಿಜಿಟಲ್ ಯಂತ್ರದಲ್ಲಿ ಒಂದೇ ಪ್ರತಿ ಮಾಡಿಸಿ ಕೈಯಲ್ಲಿ ಹಿಡಿದು ನೋಡಬಹುದು. ಅದರ ಖರ್ಚು ಮರುಮುದ್ರಣದ ಖರ್ಚಿನ ಮುಂದೆ ಏನೂ ಅಲ್ಲ.

ಮೂಲ ಕಡತ ಯಾರ ಬಳಿ?

ವಿನ್ಯಾಸವನ್ನು ಡಿ.ಟಿ.ಪಿ. ಕೇಂದ್ರಕ್ಕೆ ವಹಿಸಿದವರು ಮರೆಯುವ ಸಂಗತಿಯೊಂದಿದೆ. ಹಣ ಕೊಟ್ಟು ಪಿಡಿಎಫ್ ಪಡೆದು ಸುಮ್ಮನಾದರೆ ಎರಡನೆಯ ಮುದ್ರಣದ ವೇಳೆಗೆ ತಿದ್ದಬಹುದಾದ ಮೂಲ ಕಡತ ಸಿಗದೆ ಹೋಗಬಹುದು. ಕನ್ನಡ ಪಿಡಿಎಫ್‌ನಿಂದ ಪಠ್ಯವನ್ನು ನಕಲು ಮಾಡಿದರೆ ಅಕ್ಷರಗಳು ಸಾಮಾನ್ಯವಾಗಿ ಹಿಂದುಮುಂದಾಗಿ ಬರುತ್ತವೆ. ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರಲ್ಲಿ ಸಿದ್ಧವಾದ ಕಡತಗಳನ್ನು ಇಂದಿನ ಇನ್‌ಡಿಸೈನ್ ತೆರೆಯುವುದಿಲ್ಲ. ಹೀಗಾಗಿ ಹಳೆಯ ಪುಸ್ತಕಗಳನ್ನು ಮೊದಲಿನಿಂದ ಬೆರಳಚ್ಚು ಮಾಡಿಸಬೇಕಾದ ಪ್ರಸಂಗಗಳು ಒದಗುತ್ತವೆ.

ಆದುದರಿಂದ ಒಪ್ಪಂದ ಮಾಡಿಕೊಳ್ಳುವಾಗಲೇ ವಿನ್ಯಾಸದ ಮೂಲ ಕಡತ, ಚಿತ್ರಗಳು, ರಕ್ಷಾಪುಟ ಹಾಗೂ ಕೊನೆಯ ತಿದ್ದುಪಡಿಗಳು ಸೇರಿದ ಯೂನಿಕೋಡ್ ಪಠ್ಯ, ಇವೆಲ್ಲ ತಮಗೆ ಸೇರಬೇಕೆಂದು ಲೇಖಕರು ಹೇಳಿಡಬೇಕು. ಬಳಸಿದ ಫಾಂಟ್‌ಗಳ ಹೆಸರನ್ನೂ ಬರೆಯಿಸಿಕೊಂಡು, ಎಲ್ಲವನ್ನೂ ಎರಡು ಬೇರೆ ಬೇರೆ ಕಡೆ ಉಳಿಸಿಟ್ಟುಕೊಳ್ಳಬೇಕು. ಅಚ್ಚಾದ ಪ್ರತಿಗಳು ಮುಗಿದುಹೋದ ದಿನ ಪುಸ್ತಕಕ್ಕೆ ಮರುಜೀವ ಕೊಡುವುದು ಆ ಕಡತವೇ.