ಗಡಿಸೀಮೆಯ ಶಾಲಾಸಮಿತಿಗಳು

ಹಳ್ಳಿಶಾಲೆಗಳ ಯೋಗಕ್ಷೇಮವನ್ನು ಊರವರ ವಶಕ್ಕೊಪ್ಪಿಸಲೆಂದು ಕರ್ನಾಟಕ ಸರ್ಕಾರವು 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತಷ್ಟೆ. ತರುವಾಯ 2009ರ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದೆಂದು ವಿಧಿಸಿತು. ಆದರೆ ಕೋಲಾರದ ಗಡಿಸೀಮೆಯಲ್ಲಿ ಶ್ರೀನಿವಾಸಪುರದ ಮಾವಿನ ತೋಪಿಗೋ, ಮುಳಬಾಗಿಲಿನ ಟೊಮ್ಯಾಟೊ ತೋಟಕ್ಕೋ, ಮಾಲೂರಿನ ಕಾರ್ಖಾನೆಗೋ ದಿನಗೂಲಿಗೆ ಹೋಗುವ ತಾಯಿಯು ಹಗಲಿನ ಸಭೆಗೆ ಬರಬೇಕಾದರೆ ಅಂದಿನ ಕೂಲಿಯನ್ನೇ ತ್ಯಜಿಸಬೇಕು. ಬಂದರೂ, ಈ ಸೀಮೆಯ ಅನೇಕರಂತೆ ಮನೆಯಲ್ಲಿ ತೆಲುಗನ್ನಾಡುವವಳಾದರೆ, ಕನ್ನಡದ ನಡಾವಳಿ ಪುಸ್ತಕವು ಆಕೆಗೆ ದುರ್ಗಮವೇ ಸರಿ. ಅವಳ ಮೌನವನ್ನು ಔದಾಸೀನ್ಯವೆಂದು ಬಗೆಯುವುದು ಅನ್ಯಾಯ. ಇದಕ್ಕಿಂತಲೂ ಕಠಿನವಾದುದು, ಖಾಸಗಿ ಶಾಲೆಯ ಬಸ್ಸು ಊರಬಾಗಿಲಿಗೇ ಬರತೊಡಗಿದಂದಿನಿಂದ ಕ್ಷೀಣಿಸುತ್ತಿರುವ ಮಕ್ಕಳ ದಾಖಲಾತಿ. ಇನ್ನು, ಶಿಕ್ಷಕರು ಸಾಲದೆಂದು ಸಮಿತಿಯು ಮನವಿ ಬರೆಯಬಹುದು. ಕಾಯಂ ಶಿಕ್ಷಕರನ್ನು ನೇಮಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ.