ಬಲ್ಲವನಲ್ಲಿ ಭರವಸೆ

ತನ್ನ ಅಂತರಂಗವನ್ನೆಲ್ಲ ದೇವನು ಬಲ್ಲನೆಂಬ ಅರಿವು ಮನುಷ್ಯನಲ್ಲಿ ಎರಡು ಬಗೆಯ ಭಾವಗಳನ್ನು ಹುಟ್ಟಿಸಬಲ್ಲದು. ಮರೆಮಾಚುವವನಿಗೆ ಅದು ಭಯ. ಮರೆಯಿಲ್ಲದವನಿಗೆ ಅದೇ ಭರವಸೆ. 12ನೆಯ ಶತಮಾನದ ಶಿವಶರಣರು ಆ ಭಯವನ್ನು ಭರವಸೆಯಾಗಿ ಮಾರ್ಪಡಿಸಿಕೊಂಡ ಬಗೆ ಮನನಯೋಗ್ಯವಾದುದು.

ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿ, ಜಂಗಮದಾಸೋಹಿಗಳಾಗಿ ಲೋಕಮನ್ನಣೆ ಪಡೆದವರು. ಆದರೂ ಅವರ ಭಕ್ತಸ್ಥಲದ ವಚನಗಳಲ್ಲಿ ಆತ್ಮಶೋಧನೆಯ ಸ್ವರ ಮತ್ತೆ ಮತ್ತೆ ಕೇಳಿಬರುತ್ತದೆ. ಮನದ ಚಂಚಲತೆಯನ್ನೂ ನಡೆನುಡಿಗಳ ನಡುವಣ ಬಿರುಕನ್ನೂ ಅವರು ಕೂಡಲಸಂಗಮದೇವನ ಮುಂದೆ ಮುಚ್ಚುಮರೆಯಿಲ್ಲದೆ ತೋಡಿಕೊಳ್ಳುತ್ತಾರೆ. ಎಲ್ಲವನ್ನೂ ಬಲ್ಲ ದೇವನಿಗೆ ಇದನ್ನು ಹೇಳುವುದಾದರೂ ಏಕೆ? ದೇವನಿಗೆ ತಿಳಿಸುವುದಕ್ಕಾಗಿ ಅಲ್ಲ; ತನಗೆ ತಾನೇ ಹೇಳಿಕೊಳ್ಳುವ ಸುಳ್ಳನ್ನು ಬಿಡುವುದಕ್ಕಾಗಿ. ಲೋಕವು ಹೊರಗನ್ನು ಕಂಡು ಹೊಗಳುತ್ತದೆ, ಹೊರಗನ್ನು ಕಂಡೇ ತೆಗಳುತ್ತದೆ, ಎರಡೂ ತಪ್ಪಾಗಬಹುದು. ಒಳಗನ್ನು ಬಲ್ಲವನ ಮುಂದೆ ನಟನೆಗೆ ಎಡೆಯಿಲ್ಲ. ನಟನೆಯ ಭಾರ ಇಳಿದಲ್ಲಿ ಅಂಜಿಕೆಯೂ ಇಳಿಯುತ್ತದೆ. ದೋಷವನ್ನು ಬಲ್ಲವನು, ಆ ದೋಷದಿಂದ ಬಿಡುಗಡೆ ಬಯಸುವ ಹಂಬಲವನ್ನೂ ಬಲ್ಲನಷ್ಟೆ!

ಹೃದಯವನ್ನು ಬಲ್ಲವನು ಹಸಿವನ್ನೂ ಬಲ್ಲನು. ಈ ನಂಬಿಕೆ ಬಾಳಿನಲ್ಲಿ ಹೇಗೆ ಮೈದಾಳುತ್ತದೆಂಬುದಕ್ಕೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಬದುಕೇ ನಿದರ್ಶನ. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬುದು ಪ್ರಸಿದ್ಧ ಸಂಗತಿ. ಲೋಕದ ಕಣ್ಣಿಗೆ ಅಲ್ಲಿ ಕಳವಿಲ್ಲ, ಕೇಡಿಲ್ಲ. ಲಕ್ಕಮ್ಮನವರು ನೋಡಿದ್ದು ಅಕ್ಕಿಯನ್ನಲ್ಲ, ಅದನ್ನು ಹೊತ್ತು ತಂದ ಆಸೆಯನ್ನು. ನಾಳೆಯ ಅಗತ್ಯವನ್ನು ಲಿಂಗವು ಬಲ್ಲದೆಂದು ನಂಬಿದವರಿಗೆ ಇಂದೇ ಕೂಡಿಡುವ ಆತುರವೇಕೆ? ಬಡತನವು ಅವರನ್ನು ಕುಗ್ಗಿಸದಿದ್ದುದಕ್ಕೆ ಈ ನಂಬಿಕೆಯೇ ಕಾರಣ.

ದೇವನು ನನ್ನ ಮನಸ್ಸನ್ನು ಬಲ್ಲನು ಎಂಬ ಮಾತನ್ನು ಆಚಾರ ತಪ್ಪಿದವರೂ ಆಡುವುದುಂಟು. ಅದು ಭರವಸೆಯಲ್ಲ, ನೆಪ. ಷಟ್‌ಸ್ಥಲ ಸಾಧನೆಯಲ್ಲಿ ಭಕ್ತಸ್ಥಲದ ಶ್ರದ್ಧೆಯು ಮಾಹೇಶ್ವರಸ್ಥಲದಲ್ಲಿ ನಿಷ್ಠೆಯಾಗಿ ಬಲಿಯಬೇಕು. ನಿಷ್ಠೆಯಿಲ್ಲದ ನಂಬಿಕೆ ಮಾತಿನಲ್ಲಿಯೇ ಉಳಿಯುತ್ತದೆ.

ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ನಿರೀಕ್ಷಿಸುವ ಭಕ್ತನಿಗೂ ದೇವನಿಗೂ ನಡುವೆ ಮತ್ತೊಬ್ಬರಿಲ್ಲ. ಭಕ್ತನು ಲಿಂಗವನ್ನು ನೋಡುವಂತೆ ಲಿಂಗವೂ ಭಕ್ತನನ್ನು ನೋಡುತ್ತಿದೆ. ಆ ನೋಟಕ್ಕೆ ತನ್ನನ್ನು ಇದ್ದಂತೆಯೇ ಒಪ್ಪಿಸಿಕೊಳ್ಳುವುದೇ ಪೂಜೆಯ ಮೊದಲ ಹೆಜ್ಜೆ.